ಅಡುಗೆಮನೆ, ಹೊಲ, ಹಾಡಿ: ನಾಲ್ಕು ತಾಲ್ಲೂಕುಗಳ ಸ್ವಸ್ಥವೃತ್ತ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಎಂದರೆ ಎಲ್ಲರಿಗೂ ಥಟ್ಟನೆ ನೆನಪಾಗುವುದು ದೇವರಾಜ ಅರಸರು. ಅರಸರಿಗಿಂತ ನಾಲ್ಕು ಶತಮಾನ ಹಿಂದೆ ಇದೇ ಕಲ್ಲಹಳ್ಳಿಯ ಪ್ರಭುವೊಬ್ಬ ಬದನೆಕಾಯಿ, ಹಲಸು, ಬಾಳೆ, ಕಳಲೆಗಳನ್ನು ಹೇಗೆ ಅಟ್ಟು ಉಣ್ಣಬೇಕೆಂದು ವಾರ್ಧಕ ಷಟ್ಪದಿಯಲ್ಲಿ ಬರೆದಿಟ್ಟ. ಅವನು ಮೂರನೆಯ ಮಂಗರಸ. ಕಾಲ 1508ರ ಆಸುಪಾಸು. ಪುಸ್ತಕದ ಹೆಸರು ‘ಸೂಪಶಾಸ್ತ್ರ’. ಚಂಗಾಳ್ವರ ನಾಡಿನ ಜೈನ ಪ್ರಭು, ‘ಸಮ್ಯಕ್ತ್ವ ಕೌಮುದಿ’, ‘ನೇಮಿಜಿನೇಶ ಸಂಗತಿ’ಗಳಂಥ ಕಾವ್ಯ ಬರೆದ ಕವಿ, ಅಡುಗೆಗೂ ಅಷ್ಟೇ ಗೌರವ ಕೊಟ್ಟ. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಪಾಯಸ, ತರಕಾರಿ ಎಂದು ಅಧ್ಯಾಯ ಅಧ್ಯಾಯವಾಗಿ ವಿಂಗಡಿಸಿದ.

ಆಯುರ್ವೇದದ ಸಮೀಕ್ಷೆಯನ್ನು ಅಡುಗೆ ಪುಸ್ತಕದಿಂದ ಆರಂಭಿಸುವುದಕ್ಕೆ ಕಾರಣವಿದೆ. ಚರಕಸಂಹಿತೆಯಲ್ಲೂ ಸುಶ್ರುತಸಂಹಿತೆಯಲ್ಲೂ ‘ಅನ್ನಪಾನವಿಧಿ’ ಎಂಬ ದೀರ್ಘ ಅಧ್ಯಾಯವಿದೆ. ಯಾವ ಧಾನ್ಯ ಹಗುರ, ಯಾವುದು ಜಡ, ಯಾವ ಸೊಪ್ಪು ಯಾವುದರ ಜೊತೆ ಸೇರಬಾರದು ಎಂಬ ವಿಚಾರ ಅಲ್ಲಿ ಪುಟಗಟ್ಟಲೆ ಸಾಗುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯ, ವಿಷವೈದ್ಯ, ಅಂತರ್ಜಲ ಹುಡುಕುವ ವಿದ್ಯೆ ಎಲ್ಲವೂ ಒಂದೇ ರಟ್ಟಿನೊಳಗಿವೆ. ಸಂಸಾರಸ್ಥನಿಗೆ ಬೇಕಾದ ತಿಳಿವಳಿಕೆಯೆಂದರೆ ಇವೆಲ್ಲ ಕೂಡಿದ್ದು ಎಂಬ ನಂಬಿಕೆ ಅದರ ಹಿಂದಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಕಾಯಿಲೆ ಬಾರದಂತೆ ಬದುಕುವ ವಿದ್ಯೆ ಹೇಗೆ ಬೆಳೆಯಿತು, ಎಲ್ಲಿ ಸೊರಗಿತು ಎಂದು ನೋಡುವವರು ವೈದ್ಯರ ಚೀಲಕ್ಕಿಂತ ಮೊದಲು ಒಲೆ, ಹೊಲ, ಕಾಡುಗಳನ್ನು ನೋಡಬೇಕು ಎಂಬುದು ನನ್ನ ವಾದ. ಈ ಮೂರೂ ಬದಲಾದಾಗಲೆಲ್ಲ ಇಲ್ಲಿನವರ ಮೈಯೂ ಬದಲಾಗಿದೆ. (ಸರಗೂರು, ಸಾಲಿಗ್ರಾಮ ಈಗ ಪ್ರತ್ಯೇಕ ತಾಲ್ಲೂಕುಗಳು, ಈ ಲೇಖನದ ಮಟ್ಟಿಗೆ ಅವನ್ನು ಹಳೆಯ ತಾಲ್ಲೂಕುಗಳೊಂದಿಗೇ ಸೇರಿಸಿಕೊಂಡಿದ್ದೇನೆ.)

ಮೊದಲು ಶಾಸ್ತ್ರದ ಮಾತು. ಆರೋಗ್ಯವಂತನ ಆರೋಗ್ಯ ಕಾಯುವುದು, ರೋಗಿಯ ರೋಗ ಕಳೆಯುವುದು ಎಂದು ಆಯುರ್ವೇದ ತನ್ನ ಕೆಲಸವನ್ನು ಎರಡಾಗಿ ಹೇಳಿಕೊಂಡಿದೆ. ಕಾಯುವುದಕ್ಕೇ ಮೊದಲ ಸ್ಥಾನ. ಅದರ ಹೆಸರು ಸ್ವಸ್ಥವೃತ್ತ. ವಾಗ್ಭಟನ ‘ಅಷ್ಟಾಂಗಹೃದಯ’ ತೆರೆದರೆ ಎರಡನೆಯ ಅಧ್ಯಾಯವೇ ದಿನಚರ್ಯೆ, ಮೂರನೆಯದು ಋತುಚರ್ಯೆ. ಬೆಳಗಿನ ಜಾವ ಏಳುವುದು, ಹಲ್ಲುಜ್ಜುವುದು, ಮೈಗೆ ಎಣ್ಣೆ ತಿಕ್ಕಿಕೊಳ್ಳುವುದು, ಇರುವ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡುವುದು. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ಭಾಗ ನೀರಿಗೆ. ಉಳಿದ ಕಾಲು ಭಾಗವನ್ನು ಖಾಲಿ ಬಿಡಬೇಕು. ಆಹಾರ, ನಿದ್ರೆ, ಬ್ರಹ್ಮಚರ್ಯ ದೇಹದ ಮೂರು ಆಧಾರಗಂಬಗಳು. ವಾತ, ಪಿತ್ತ, ಕಫಗಳ ಸಮತೋಲ ಎಂಬ ಮಾತು ಈಗ ಜಾಹೀರಾತುಗಳಲ್ಲಿ ಸವೆದುಹೋಗಿದೆ. ಗ್ರಂಥದಲ್ಲಾದರೋ ಆ ಸಮತೋಲ ಇಂಥ ಚಿಕ್ಕಪುಟ್ಟ ನಿತ್ಯದ ಕೆಲಸಗಳ ಮೇಲೆ ನಿಂತಿದೆ.

ಚರಕ ತಡೆಹಿಡಿಯಬಾರದ 13 ವೇಗಗಳನ್ನು ಹೆಸರಿಸುತ್ತಾನೆ: ಮೂತ್ರ, ಮಲ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮುಂತಾದವು. ತಡೆಹಿಡಿಯಲೇಬೇಕಾದವು ಬೇರೆ ಇವೆ: ಲೋಭ, ಶೋಕ, ಭಯ, ಕೋಪ. ಈ ಪಟ್ಟಿಯನ್ನು ಓದುವಾಗಲೆಲ್ಲ ನನಗೆ ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರ ನೆನಪಾಗುತ್ತದೆ. ಬಯಲಲ್ಲಿ ಮರೆಯಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ಮೂತ್ರ ಕಟ್ಟಿಕೊಂಡು, ಅದಕ್ಕಾಗಿಯೇ ನೀರನ್ನೂ ಕುಡಿಯದೆ ದುಡಿಯುವವರಿಗೆ ಚರಕ ಹೇಳಿದ್ದು ಸಲ್ಲಬೇಕಾದರೆ ಮೊದಲು ಶೌಚಾಲಯ ಬೇಕು.

ಶಾಸ್ತ್ರಕ್ಕೆ ಊರಿನ ಲೆಕ್ಕವೂ ಗೊತ್ತಿತ್ತು. ನೆಲವನ್ನು ಅದು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆ ಮಾಡುತ್ತದೆ: ಗಾಳಿ ಹೆಚ್ಚು, ನೀರು ಕಡಿಮೆ ಇರುವ ಒಣನೆಲ, ನೀರು ತುಂಬಿದ ತೇವದ ನೆಲ, ಎರಡರ ನಡುವಿನದು. ಕಾವೇರಿಯ ನಾಲೆಗಳು ಹರಿದು ‘ಭತ್ತದ ಕಣಜ’ ಎನಿಸಿಕೊಂಡಿರುವ ಕೆ.ಆರ್. ನಗರ ಆನೂಪಕ್ಕೆ ಹತ್ತಿರ. ಹುಣಸೂರು, ಪಿರಿಯಾಪಟ್ಟಣಗಳ ಕೆಂಪುನೆಲ ನಡುವಿನದು. ಎಚ್.ಡಿ. ಕೋಟೆಯಲ್ಲಿ ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಹೊಲ, ಮತ್ತೊಂದು ಕಡೆ ನಾಗರಹೊಳೆಯ ಕಾಡು. ಮೊಸರು ಯಾರಿಗೆ ಆಗುತ್ತದೆ, ಯಾವ ತಿಂಗಳಲ್ಲಿ ಆಗುವುದಿಲ್ಲ ಎಂಬ ಪ್ರಶ್ನೆಗೆ ಸಾಲಿಗ್ರಾಮದ ಗದ್ದೆಯಂಚಿನಲ್ಲೂ ಸರಗೂರಿನ ಹೊಲದಲ್ಲೂ ಒಂದೇ ಉತ್ತರ ಸಿಗಲಾರದು. ಎಲ್ಲರಿಗೂ ಒಂದೇ ದಿನಚರ್ಯೆ ಅಚ್ಚುಹಾಕಿ ಹಂಚುವ ಇಂದಿನ ಪದ್ಧತಿ ಶಾಸ್ತ್ರಕ್ಕೇ ಹೊರಗು.

ಇಲ್ಲಿಗೆ ಈ ವಿದ್ಯೆ ಬಂದ ದಾರಿಗಳಲ್ಲಿ ಜೈನರದು ದೊಡ್ಡದು. ಕೆ.ಆರ್. ನಗರದ ಕಡೆಯ ಚಿಕ್ಕಹನಸೋಗೆ ಒಂದು ಕಾಲಕ್ಕೆ ಪ್ರಸಿದ್ಧ ಜೈನ ಕೇಂದ್ರ. ಅಲ್ಲಿ 64 ಬಸದಿಗಳಿದ್ದವೆಂಬ ಪ್ರತೀತಿಯಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಜೈನರು ಹೇಳುವ ನಾಲ್ಕು ದಾನಗಳಲ್ಲಿ ಔಷಧವೂ ಒಂದು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ಮಾಂಸಾಹಾರದ ವಿರುದ್ಧ ವಾದಿಸಿದ ಉಗ್ರಾದಿತ್ಯ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಬರೆದ. ಪೂಜ್ಯಪಾದರ ಹೆಸರಿನಲ್ಲಿದ್ದ ಇನ್ನೊಂದು ‘ಕಲ್ಯಾಣಕಾರಕ’ವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳುವ ಪರಂಪರೆ ಇದು. 14ನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಂತೂ ವಿಷಗಳ ಮೇಲೆಯೇ ಬರೆದ ಇಡೀ ಕಾವ್ಯ. ವೈದ್ಯ ಸಂಸ್ಕೃತ ಪಂಡಿತರ ಸ್ವತ್ತಾಗಿ ಉಳಿಯದೆ ಇಷ್ಟು ಬೇಗ ಕನ್ನಡಕ್ಕೆ ಇಳಿದದ್ದು ನಮ್ಮ ಭಾಗ್ಯ. ಮಂಗರಸನ ಸೂಪಶಾಸ್ತ್ರ ಈ ಸಾಲಿನ ಮುಂದುವರಿಕೆ.

ಮಂಗರಸ ಬರೆದದ್ದು ಅರಮನೆಯ ಅಡುಗೆ. ಹೊಲದ ಅಡುಗೆ ತನ್ನ ಪಾಡಿಗೆ ತಾನು ಬೆಳೆಯಿತು. ಚರಕನ ಅನ್ನಪಾನದಲ್ಲಿ ಅಕ್ಕಿ, ಗೋಧಿ, ಜವೆಗೆ ಸಿಕ್ಕ ವಿಸ್ತಾರ ರಾಗಿಗೆ ಸಿಕ್ಕಿಲ್ಲ. ಕನ್ನಡದಲ್ಲಿ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೊಡನೆ ವಾದಕ್ಕಿಳಿದ ರಾಗಿ ಗೆದ್ದು ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆಯೆಂದು ಪ್ರಯೋಗಾಲಯ ಹೇಳುವ ಮೊದಲೇ ಈ ಸೀಮೆಯ ಜನ ಮುದ್ದೆಯನ್ನು ನಂಬಿ ಕಲ್ಲುನೆಲ ಉತ್ತಿದ್ದಾರೆ.

ಮುದ್ದೆಯ ಜೊತೆಗಾರ ಬಸ್ಸಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಲಸಂದೆ ಕಾಳೋ ಹುರುಳಿಯೋ ಬೇಯುತ್ತಿರುವಾಗ ಅದಕ್ಕೆ ಹೊಲದಿಂದ ತಂದ ಬೆರಕೆ ಸೊಪ್ಪು ಬೀಳುತ್ತದೆ: ಅಣ್ಣೆ, ಗಣಿಕೆ, ಹೊನಗೊನೆ, ಕಳೆ ಕೀಳುವಾಗ ಮಡಿಲಿಗೆ ಸಿಕ್ಕಿದ್ದೆಲ್ಲ. ಬೆಂದ ಮೇಲೆ ಬಸಿದರೆ ಕಟ್ಟು ಒಂದು ಕಡೆ, ಕಾಳು–ಸೊಪ್ಪು ಇನ್ನೊಂದು ಕಡೆ. ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಕಾಯಿತುರಿಯೊಡನೆ ಒಂದು ಹಿಡಿ ಬೆಂದ ಕಾಳನ್ನೂ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಮಿಕ್ಕ ಕಾಳು–ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯ. ನೀರಿಗೆ ಇಳಿದ ಸತ್ವ ಚರಂಡಿ ಸೇರುವುದಿಲ್ಲ. ಬೇಳೆಕಾಳಿನ ವಾಯುವಿಗೆ ಬೆಳ್ಳುಳ್ಳಿ, ಜೀರಿಗೆಯ ಕಾವಲು ಇದೆ. ಹಸಿವು ಹುಟ್ಟಿಸಿ ಅರಗಿಸುವ, ಶಾಸ್ತ್ರ ದೀಪನ, ಪಾಚನ ಎಂದು ಕರೆಯುವ ಕೆಲಸ ಇಲ್ಲಿ ಒರಳಿನಲ್ಲೇ ಮುಗಿಯುತ್ತದೆ. ಚಳಿಗಾಲಕ್ಕೆ ಹುರುಳಿಕಟ್ಟು, ಬೇಸಿಗೆಗೆ ರಾಗಿ ಅಂಬಲಿ, ಮಜ್ಜಿಗೆ. ಹಬ್ಬಗಳೂ ಹೀಗೆಯೇ ಋತುವಿನ ಜೊತೆ ಹೆಜ್ಜೆ ಹಾಕುತ್ತವೆ: ಸಂಕ್ರಾಂತಿಯ ಒಣಚಳಿಗೆ ಎಳ್ಳು–ಬೆಲ್ಲ, ಯುಗಾದಿಗೆ ಎಣ್ಣೆನೀರು, ಬೇವು. ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗಿನಲ್ಲಿ ಕಕ್ಕಡ ಮಾಸದ 18ನೆಯ ದಿನ ಮದ್ದುಸೊಪ್ಪಿನ ಪಾಯಸ. ತಿಂದ ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತೆಂದು ಲೆಕ್ಕ.

ಹಳ್ಳಿಯಲ್ಲಿ ನಡೆದದ್ದೆಲ್ಲ ಒಳ್ಳೆಯದೇ ಎಂದು ನಾನು ಹೇಳಲಾರೆ. ಬಾಣಂತಿಗೆ ನೀರು ಕೊಡಬಾರದು ಎಂಬ ಕಟ್ಟಳೆ ಎಷ್ಟು ತಾಯಂದಿರನ್ನು ಬಳಲಿಸಿದೆ. ಸೂತಿಕಾ ಪರಿಚರ್ಯೆಯಲ್ಲಿ ಚರಕ ಹೇಳುವುದು ಎಣ್ಣೆ, ಬಿಸಿನೀರು, ತೆಳುಗಂಜಿ. ಬಾಯಾರಿಸುವ ಮಾತು ಅಲ್ಲಿಲ್ಲ. ಹಾವು ಕಚ್ಚಿದಾಗ ಬೇರು ಅರೆಯುತ್ತಾ ಕೂತು ಜೀವ ಹೋದ ಸಂಗತಿಗಳು ಕಾಡಂಚಿನ ಪ್ರತಿ ಊರಲ್ಲೂ ಇವೆ. ಖಗೇಂದ್ರಮಣಿದರ್ಪಣವನ್ನು ನಾವು ಪ್ರೀತಿಯಿಂದ ಓದಬೇಕು. ಹಾವು ಕಚ್ಚಿದವರನ್ನು ಮಾತ್ರ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು.

ಈ ಬಾಯಿಮಾತಿನ ವಿದ್ಯೆಗೆ ಶಾಲೆಯ ರೂಪ ಬಂದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಸಂಸ್ಥಾನವನ್ನು 1898ರಲ್ಲಿ ಪ್ಲೇಗ್ ಹೊಕ್ಕು ಊರೂರು ಖಾಲಿ ಮಾಡಿಸಿದ ನೆನಪು ಇನ್ನೂ ಹಸಿಯಾಗಿತ್ತು. ನೈರ್ಮಲ್ಯ, ಚರಂಡಿ, ಅಗಲ ರಸ್ತೆಗಳೇ ಸರ್ಕಾರದ ಮೊದಲ ಚಿಂತೆ. ಅದರ ನಡುವೆಯೇ 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಪಾಠಶಾಲೆ ತೆರೆಯಿತು. ಇಂದಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿನ ಮೂಲ ಅದು. ದೇಶದ ಅತಿ ಹಳೆಯ ಆಯುರ್ವೇದ ಕಾಲೇಜುಗಳಲ್ಲಿ ಒಂದು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ, 1934ರಲ್ಲಿ ಅವರ ‘ಯೋಗ ಮಕರಂದ’ ಕನ್ನಡದಲ್ಲೇ. ಜಗತ್ತಿನಾದ್ಯಂತ ಇಂದು ನಡೆಯುವ ಯೋಗಾಭ್ಯಾಸದ ದೊಡ್ಡ ಪಾಲು ಆ ಶಾಲೆಯ ಶಿಷ್ಯರಿಂದ ಹರಡಿದ್ದು. ಚಿತ್ರದುರ್ಗದ ಕಡೆ ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮಿಗಳು ಯೋಗವನ್ನೂ ಆಯುರ್ವೇದವನ್ನೂ ಊರಿಂದೂರಿಗೆ ಹೊತ್ತು ತಿರುಗಿದಂಥ ಕೆಲಸ ನಮ್ಮ ಸೀಮೆಯಲ್ಲಿ ಅಷ್ಟಾಗಿ ನಡೆಯಲಿಲ್ಲ. ಪಾಠಶಾಲೆ ಮೈಸೂರಿನಲ್ಲಿ ಉಳಿಯಿತು, ನಾಟಿ ವೈದ್ಯ ಹಳ್ಳಿಯಲ್ಲಿ ಉಳಿದ.

ಸ್ವಾತಂತ್ರ್ಯದ ನಂತರದ ಕಥೆಯನ್ನು ಬೇಗ ಹೇಳಿಬಿಡಬಹುದು. 1946ರ ಭೋರ್ ಸಮಿತಿ ಆಧುನಿಕ ವೈದ್ಯಕ್ಕೆ ಒತ್ತು ಕೊಟ್ಟಿತು, 1948ರ ಚೋಪ್ರಾ ಸಮಿತಿ ದೇಶೀಯ, ಆಧುನಿಕ ಎರಡನ್ನೂ ಬೆಸೆಯಬೇಕೆಂದಿತು. 1970ರ ಕಾಯ್ದೆ ಶಿಕ್ಷಣಕ್ಕೂ ನೋಂದಣಿಗೂ ಕಟ್ಟುಪಾಡು ತಂದಿತು. 2014ರಲ್ಲಿ ಆಯುಷ್‌ಗೆ ಪ್ರತ್ಯೇಕ ಸಚಿವಾಲಯ, 2020ರಲ್ಲಿ ಹೊಸ ರಾಷ್ಟ್ರೀಯ ಆಯೋಗ. ಪದವಿ ತರಗತಿಯಲ್ಲಿ ಸ್ವಸ್ಥವೃತ್ತ ಒಂದು ವಿಷಯವಾಗಿ ಉಳಿದುಕೊಂಡಿದೆ. ಆದರೆ ಓದಿ ಹೊರಬಂದ ವೈದ್ಯರ ಮುಂದೆ ಬಂದು ಕೂರುವವರು ಕಾಯಿಲೆ ಬಿದ್ದವರೇ. ಕಾಯಿಲೆ ಬೀಳದವರ ಹತ್ತಿರ ಹೋಗುವ ಕೆಲಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ.

ಈ ಸೀಮೆಯ ಆಯುರ್ವೇದದ ಇತಿಹಾಸದಲ್ಲಿ ಅಪರೂಪದ ಒಂದು ತಿರುವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದೆ. 11ನೆಯ ಶತಮಾನದ ಹೊತ್ತಿಗೆ ರಿಂಚೆನ್ ಜಂಗ್ಪೊ ಎಂಬ ಟಿಬೆಟಿನ ಪಂಡಿತ ವಾಗ್ಭಟನ ಅಷ್ಟಾಂಗಹೃದಯವನ್ನು ಟಿಬೆಟಿನ ಭಾಷೆಗೆ ತಂದ. ಅಲ್ಲಿ ಅದು ಬೌದ್ಧ ಚಿಂತನೆಯ ಜೊತೆಗೂ ಚೀನಾದ ನಾಡಿವಿದ್ಯೆಯ ಜೊತೆಗೂ ಬೆರೆಯಿತು. 12ನೆಯ ಶತಮಾನದಲ್ಲಿ ಯುಥೋಕ್ ಯೊಂಟೆನ್ ಗೊಂಪೊ ಅವರ ಹೆಸರಿನೊಡನೆ ‘ಗ್ಯುಶಿ’ ಎಂಬ ನಾಲ್ಕು ತಂತ್ರಗಳ ಗ್ರಂಥ ನೆಲೆಗೊಂಡಿತು. ಸೋವಾ ರಿಗ್ಪಾ ಎಂದು ಕರೆಯುವ ಆ ವೈದ್ಯದಲ್ಲಿ ಲುಂಗ್, ಟ್ರಿಪಾ, ಬೇಕೆನ್ ಎಂಬ ಮೂರು ತತ್ತ್ವಗಳಿವೆ: ನಮ್ಮ ವಾತ, ಪಿತ್ತ, ಕಫ. ಚೀನಾದ ಆಕ್ರಮಣದಿಂದ ನಿರಾಶ್ರಿತರಾದ ಟಿಬೆಟಿನವರು 1961ರಲ್ಲಿ ಬೈಲಕುಪ್ಪೆಗೆ ಬಂದು ಕಾಡು ಕಡಿದು ನೆಲೆ ಕಂಡುಕೊಂಡರು; ಮುಂದೆ ಹುಣಸೂರಿನ ಗುರುಪುರದಲ್ಲೂ ವಸತಿ ಆಯಿತು. ಅವರ ಬೆನ್ನಿಗೇ ಅವರ ವೈದ್ಯರೂ ಬಂದರು. ಲಾಸಾದಲ್ಲಿ 1916ರಲ್ಲಿ ಹುಟ್ಟಿ, 1961ರಲ್ಲಿ ಧರ್ಮಶಾಲೆಯಲ್ಲಿ ಮರುಹುಟ್ಟು ಪಡೆದ ಮೆನ್‌ತ್ಸೀಖಾಂಗ್ ಸಂಸ್ಥೆಯ ಶಾಖೆ ಬೈಲಕುಪ್ಪೆಯಲ್ಲಿದೆ. ಚಂಗಾಳ್ವರ ರಾಜಧಾನಿಯಾಗಿದ್ದ ಪಿರಿಯಾಪಟ್ಟಣದ ಸೀಮೆಗೆ ವಾಗ್ಭಟ ಹಿಮಾಲಯ ಸುತ್ತಿಕೊಂಡು ಎರಡನೆಯ ಸಲ ಬಂದ ಎಂದರೆ ತಪ್ಪಾಗದು. 2010ರಲ್ಲಿ ಸಂಸತ್ತು ಕಾನೂನು ತಿದ್ದಿ ಸೋವಾ ರಿಗ್ಪಾವನ್ನು ಭಾರತೀಯ ವೈದ್ಯಪದ್ಧತಿಗಳ ಸಾಲಿಗೆ ಸೇರಿಸಿತು.

ಸೋವಾ ರಿಗ್ಪಾದಲ್ಲಿ ನನಗೆ ಹಿಡಿಸಿದ್ದು ಅದರ ಚಿಕಿತ್ಸಾ ಕ್ರಮ. ಮೊದಲು ಆಹಾರ ತಿದ್ದಬೇಕು, ಅದು ಸಾಲದಿದ್ದರೆ ನಡವಳಿಕೆ, ಅದೂ ಸಾಲದಿದ್ದರೆ ಔಷಧಿ, ಕೊನೆಗೆ ಮೈಮೇಲೆ ಮಾಡುವ ಉಪಚಾರ. ಬಾರ್ಲಿ ಹಿಟ್ಟು, ಬೆಣ್ಣೆ ಚಹಾದ ತಣ್ಣನೆಯ ನಾಡಿನವರು ಜೋಳ ಬೆಳೆಯುವ ಸೆಕೆಯ ಬಯಲಿಗೆ ಬಂದು ಬಿದ್ದಾಗ, ಕ್ಷಯದಂಥ ಕಾಯಿಲೆಗಳು ವಸತಿಗಳನ್ನು ಕಾಡಿದಾಗ, ದೇಶ ಬದಲಾದರೆ ಊಟ ಬದಲಾಗಬೇಕು ಎಂಬ ಸೂತ್ರ ಅವರಿಗೆ ಪುಸ್ತಕದ ಮಾತಾಗಿ ಉಳಿದಿರಲಾರದು. ನಮ್ಮ ಆಯುರ್ವೇದ ಕಾಲೇಜುಗಳ ವಿದ್ಯಾರ್ಥಿಗಳನ್ನು ಸ್ವಸ್ಥವೃತ್ತದ ಪಾಠಕ್ಕಾಗಿ ಬೈಲಕುಪ್ಪೆಗೆ ಕರೆದೊಯ್ದರೆ, ಒಂದೇ ಬೀಜ ಬೇರೆ ಮಣ್ಣಿನಲ್ಲಿ ಹೇಗೆ ಬೆಳೆಯಿತೆಂದು ಅವರು ಕಣ್ಣಾರೆ ಕಾಣಬಹುದು.

ಬೈಲಕುಪ್ಪೆಗೆ ಬಂದವರದು ಹೊಸ ನೆಲಕ್ಕೆ ಹೊಂದಿಕೊಂಡ ಕಥೆ. ಎಚ್.ಡಿ. ಕೋಟೆ, ಹುಣಸೂರುಗಳ ಆದಿವಾಸಿ ಹಾಡಿಗಳದು ಇದ್ದ ನೆಲವೇ ಕೈತಪ್ಪಿದ ಕಥೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡನ್ನೇ ಉಗ್ರಾಣ ಮಾಡಿಕೊಂಡಿದ್ದವರು. ಕಾಡುಗೆಣಸು, ಅಣಬೆ, ಸೊಪ್ಪು, ಜೇನು, ಮಳೆಗಾಲದ ಕಳಲೆ ಅವರ ಊಟ. ನೆಲ್ಲಿ, ಸೀಗೆ, ಅಳಲೆ, ಮಾಗಳಿ ಬೇರು ಅವರ ಸಂಪಾದನೆ. ಜೈನ ವೈದ್ಯ ಜೇನನ್ನು ದೂರವಿಟ್ಟಿತು, ಚರಕ ಅದನ್ನು ಕಫಕ್ಕೆ ಹೇಳಿ ಬಿಸಿ ಮಾಡಬೇಡಿ ಎಂದ. ಆ ಜೇನನ್ನು ಮರ ಹತ್ತಿ ಇಳಿಸಿ ತಂದವರ ಹೆಸರು ಯಾವ ಸಂಹಿತೆಯಲ್ಲೂ ಇಲ್ಲ. 1970ರ ದಶಕದಲ್ಲಿ ಕಬಿನಿ ಅಣೆಕಟ್ಟು, ಆಮೇಲೆ ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ ಬಂದು ಹಾಡಿಗಳು ಕಾಡಿನ ಹೊರಗೆ ಸರಿದವು. ಕಿರು ಅರಣ್ಯ ಉತ್ಪನ್ನ ತರುವುದೂ ನಿಂತಿತು ಅಥವಾ ಕದ್ದುಮುಚ್ಚಿ ಮಾಡುವ ಕೆಲಸವಾಯಿತು. ತಟ್ಟೆಯಲ್ಲಿ ಹತ್ತು ಬಗೆ ಇದ್ದ ಜಾಗಕ್ಕೆ ಪಡಿತರದ ಅಕ್ಕಿಯೊಂದು ಬಂತು. ಅವರ ಆಹಾರ ಕುಂದಿದ್ದಕ್ಕೆ ತಿಳಿವಳಿಕೆ ಇಲ್ಲದಿರುವುದು ಕಾರಣ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ತಿಳಿವಳಿಕೆ ಇತ್ತು, ಕಾಡಿನ ಬಾಗಿಲು ಮುಚ್ಚಿತು. ಮಳೆಗಾಲದ ತಿಂಗಳುಗಳಲ್ಲಿ ಸರ್ಕಾರ ಹಾಡಿಗಳಿಗೆ ರಾಗಿ, ಕಾಳು, ಎಣ್ಣೆ, ಬೆಲ್ಲ, ಮೊಟ್ಟೆ, ತುಪ್ಪ ಕೊಡುವ ಯೋಜನೆ ಮಾಡಿದ್ದು ಒಳ್ಳೆಯದಾಯಿತು. ವರ್ಷಾಋತುವಿನಲ್ಲಿ ದೇಹಬಲವೂ ಜಠರಾಗ್ನಿಯೂ ಕುಗ್ಗುತ್ತವೆ ಎಂಬ ಹಳೆಯ ಎಚ್ಚರಿಕೆಗೂ ಅದು ಹೊಂದುತ್ತದೆ.

ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಹಾಡಿಗಳ ನಡುವೆ ಕೆಲಸ ಆರಂಭಿಸಿ, ಮುಂದೆ ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಕಂಡುಬರುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಅದನ್ನು ತೊಲಗಿಸುವ ಗುರಿ ಇಟ್ಟುಕೊಂಡಿದೆ. ಅದು ತಂದೆತಾಯಿಯಿಂದ ಬರುವ ಕಾಯಿಲೆ. ಊಟ, ನಿದ್ದೆ ತಿದ್ದಿದರೆ ಹೋಗುವುದಲ್ಲ, ರಕ್ತಪರೀಕ್ಷೆ ಬೇಕೇ ಬೇಕು. ಸ್ವಸ್ಥವೃತ್ತಕ್ಕೂ ಒಂದು ಎಲ್ಲೆ ಇದೆ.

ಎಲ್ಲೆ ಎಲ್ಲಿದೆ ಎಂದು ತಿಳಿಯಲು ಪರೀಕ್ಷೆಯೊಂದೇ ದಾರಿ. ಅದರಲ್ಲಿ ಮೈಸೂರಿನ ಕೆಲಸ ಹೆಮ್ಮೆಪಡುವಂಥದು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಕೆ. ಶ್ರೀನಿವಾಸನ್, ಕಲ್ಪನಾ ಪ್ಲಾಟೆಲ್ ಮುಂತಾದವರು ಶುಂಠಿ, ಜೀರಿಗೆ, ಮೆಂತ್ಯ, ಇಂಗಿನಂಥ ಸಂಬಾರ ಪದಾರ್ಥಗಳನ್ನು ಇಲಿಗಳ ಮೇಲೆ ಪ್ರಯೋಗಿಸಿದರು. ಇವುಗಳಲ್ಲಿ ಹಲವು ಪಿತ್ತರಸವನ್ನೂ ಮೇದೋಜೀರಕದ ಕಿಣ್ವಗಳನ್ನೂ ಹೆಚ್ಚಿಸುತ್ತವೆ ಎಂದು ಕಂಡಿತು. ಬಸ್ಸಾರಿನ ಒರಳಿಗೆ ಜೀರಿಗೆ ಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಎಲ್ಲ ಪರೀಕ್ಷೆಯೂ ಹೀಗೆ ಸಲೀಸಾಗಿ ಒಲಿಯಲಿಲ್ಲ. ಕಾಮಾಲೆಗೆ ನೆಲನೆಲ್ಲಿ ಕೊಡುವವರು ಈ ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಅವರೂ, ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು ನೊಬೆಲ್ ಪಡೆದಿದ್ದ ಬ್ಲಂಬರ್ಗ್ ಅವರೂ ಸೇರಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ನೆಲನೆಲ್ಲಿಯ ಬಗ್ಗೆ ಭರವಸೆಯ ಫಲಿತಾಂಶ ಪ್ರಕಟಿಸಿದಾಗ ದೊಡ್ಡ ಸಂಭ್ರಮವಾಯಿತು. ಆಮೇಲೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ಹಲವು ಬಗೆಯ ಕಾಮಾಲೆ ತಾನಾಗಿ ಇಳಿಯುತ್ತದೆ. ಇಳಿಯದ ಬಗೆಗೆ ಕಾದು ಕೂರಬಾರದು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದೇ ಇದಕ್ಕೆ ಇಂದಿನ ಸ್ವಸ್ಥವೃತ್ತ. ಕೋವಿಡ್ ಕಾಲದಲ್ಲಿ ಬೇಲಿಯ ಮೇಲಿನ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುದಿಸಿ ಕುಡಿದವರಿದ್ದಾರೆ. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿ ಯಕೃತ್ತು ಕೆಟ್ಟ 6 ರೋಗಿಗಳ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಬಳ್ಳಿ ಅದೇ ಹೌದೋ, ಬೇರೆ ಜಾತಿಯದೋ ಎಂಬ ವಾದ ಎದ್ದಿತು. 2004ರಲ್ಲಿ ಅಮೆರಿಕದ ಬಾಸ್ಟನ್ನಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇಂಥ ಮಾತನ್ನು ವೈರಿಗಳ ಪಿತೂರಿ ಎಂದು ತಳ್ಳಿಹಾಕುವವರು ಆಯುರ್ವೇದಕ್ಕೆ ಉಪಕಾರ ಮಾಡುತ್ತಿಲ್ಲ. ಪ್ರಮಾಣ, ಕಾಲ, ಪ್ರಕೃತಿ ನೋಡದೆ ಯಾವ ಮದ್ದನ್ನೂ ಕೊಡಬಾರದೆಂದು ಹೇಳಿದ್ದು ಇದೇ ಶಾಸ್ತ್ರವಲ್ಲವೇ.

ಇನ್ನು ಈ ಸೀಮೆಯ ಅತಿ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ: ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಈಗ ಜನರ ಮನಸ್ಸಿಗೆ ಬರುವುದು ಹೊಗೆಸೊಪ್ಪು. ಕರ್ನಾಟಕದ ವರ್ಜೀನಿಯಾ ತಂಬಾಕಿನ ಸೀಮೆಯೇ ಇದು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು. ರಾಜ್ಯಕ್ಕೆ ಮಂಡಳಿ ಕೊಡುವ ಬೆಳೆಯ ಮಿತಿ ಕೆಲವು ವರ್ಷ 10 ಕೋಟಿ ಕೆ.ಜಿ. ಮುಟ್ಟಿದೆ.

ಚರಕ, ವಾಗ್ಭಟರ ದಿನಚರ್ಯೆಯಲ್ಲೂ ಧೂಮಪಾನ ಇದೆಯಲ್ಲ ಎಂದು ಕೆಲವರು ಸಮರ್ಥನೆಗೆ ಇಳಿಯುವುದುಂಟು. ಅದು ಸುಗಂಧದ ಗಿಡಮೂಲಿಕೆ ಅರೆದು ಬತ್ತಿ ಮಾಡಿ, ಕಫ ಕರಗಲೆಂದು ಲೆಕ್ಕದ ದಮ್ಮಿನಷ್ಟು ಎಳೆಯುವ ಹೊಗೆ. ತಂಬಾಕು ಅವರಿಗೆ ಗೊತ್ತೇ ಇರಲಿಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. 17ನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿ ನಮ್ಮ ವಿಜಾಪುರದಲ್ಲಿ ತಂಬಾಕನ್ನು ಕಂಡು ಅಕ್ಬರನ ಮುಂದೆ ಒಯ್ದಾಗ, ನಮ್ಮ ಗ್ರಂಥಗಳಲ್ಲಿ ಇಲ್ಲದ ವಸ್ತುವನ್ನು ಸೇದಬಾರದು ಎಂದು ಆಸ್ಥಾನದ ವೈದ್ಯ ತಡೆದನಂತೆ. ಆಮೇಲಿನ ‘ಯೋಗರತ್ನಾಕರ’ದಲ್ಲಿ ತಂಬಾಕಿನ ಗುಣದೋಷಗಳು ಸೇರಿಕೊಂಡವು.

ಸೇದುವವರ ಕೇಡು ಎಲ್ಲರಿಗೂ ಗೊತ್ತು. ಬೆಳೆಯುವವರ ಕೇಡಿನ ಬಗ್ಗೆ ಮಾತು ಕಡಿಮೆ. ಮುಂಗಾರಿನ ಮೊದಲ ಮಳೆಗೆ ಸಸಿ ನೆಡುತ್ತಾರೆ. ಆಷಾಢ, ಶ್ರಾವಣದ ಹೊತ್ತಿಗೆ ಬುಡದ ಎಲೆ ಬಲಿತು ಕೊಯ್ಲು ಶುರುವಾಗುತ್ತದೆ. ಬೆಳಗಿನ ಇಬ್ಬನಿಯಲ್ಲೋ ತುಂತುರಿನಲ್ಲೋ ಎಲೆ ಕಿತ್ತು ಕಂಕುಳಿಗೆ ಒತ್ತಿಕೊಂಡು ನಡೆದರೆ ಅಂಗಿ ತೊಯ್ದು ಮೈಗೆ ಅಂಟುತ್ತದೆ. ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದೊಳಗೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ತಲೆಸುತ್ತು, ವಾಂತಿ, ನಿಶ್ಶಕ್ತಿ. ಪಿತ್ತ ಕೆರಳಿತೆಂದು ನಿಂಬೆರಸ ಕುಡಿದು ಮಲಗುವ ಎಷ್ಟೋ ಮಂದಿಗೆ ಆದದ್ದು ಹಸಿ ತಂಬಾಕಿನ ನಂಜು. ಕಿತ್ತ ಎಲೆಯನ್ನು ಕಡ್ಡಿಗೆ ಕಟ್ಟಿ, ಅದನ್ನು ಹದಮಾಡುವ ಮನೆಯಾದ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಸೌದೆ ಒಟ್ಟಿ ಬೆಂಕಿಯ ಹದ ಕಾಯಬೇಕು. ಕಾವು ಏರುಪೇರಾದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬಿದ್ದುಹೋಗುತ್ತದೆ. ಒಂದು ಬೇಯಿಸಿ ಇಳಿಸುವಷ್ಟರಲ್ಲಿ ಇನ್ನೊಂದು ಕೊಯ್ಲು ಸಿದ್ಧ. ವರ್ಷಾಋತುವಿನಲ್ಲಿ ಆಯಾಸ ಬೇಡ ಎಂದು ವಾಗ್ಭಟ ಸ್ಪಷ್ಟವಾಗಿ ಹೇಳಿದ ತಿಂಗಳುಗಳೇ ಇವು. ಅಗ್ನಿ ಮಂದವಾಗಿರುವ ಕಾಲದಲ್ಲಿ ನಿದ್ರೆಯ ಕಂಬ ಅಲುಗಿ, ಹೊತ್ತು ಮೀರಿದ ಊಟ, ಸೌದೆ ಹೊಗೆ, ಸಾಲದ ಚಿಂತೆ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ.

ತಂಬಾಕು ಬಿಡಿ ಎಂದು ಹೇಳುವುದು ಸುಲಭ. ಮಳೆ ಆಶ್ರಯದ ಕೆಂಪುನೆಲದಲ್ಲಿ ಅಷ್ಟು ನಗದು ತರುವ, ಸರ್ಕಾರವೇ ಮಾರುಕಟ್ಟೆ ಮಾಡಿಕೊಟ್ಟ ಬೆಳೆ ಬೇರೆ ಇಲ್ಲದಿರುವಾಗ ರೈತ ಬಿಡಲಾರ. ರಾಗಿಗೆ, ಕಾಳಿಗೆ ಅಂಥದೇ ಖಚಿತ ಖರೀದಿ ಬಂದ ದಿನ ಈ ಸೀಮೆಯ ತಟ್ಟೆಯೂ ಹೊಲವೂ ಒಟ್ಟಿಗೆ ಸುಧಾರಿಸುತ್ತವೆಂದು ನಾನು ನಂಬಿದ್ದೇನೆ. ಅಲ್ಲಿಯವರೆಗೆ, ನಮ್ಮ ಆಯುರ್ವೇದ ವೈದ್ಯರು ಊರಿಗೆ ತಕ್ಕ ದಿನಚರ್ಯೆಯನ್ನು ಬ್ಯಾರನ್ ಇರುವ ಮನೆಗಾಗಿಯೇ ಬರೆಯಬೇಕು. ಇಬ್ಬನಿ ಆರಿದ ಮೇಲೆ ಎಲೆ ಕೀಳುವುದು, ಕೈಗವಸು ಹಾಕಿ ಪ್ಲಾಸ್ಟಿಕ್ ಹಾಳೆಯನ್ನಾದರೂ ಮೈಗೆ ಸುತ್ತಿಕೊಳ್ಳುವುದು, ತೊಯ್ದ ಬಟ್ಟೆ ಕಳಚಿ ಸೋಪಿನಲ್ಲಿ ಕೈಕಾಲು ತೊಳೆದೇ ಊಟಕ್ಕೆ ಕೂರುವುದು, ಬಸುರಿಯರನ್ನು ಆ ಕೆಲಸದಿಂದ ದೂರ ಇಡುವುದು. ಹೊತ್ತಿಗೆ ಸರಿಯಾಗಿ ಬಿಸಿ ಬಸ್ಸಾರು, ಮುದ್ದೆ. ನಿದ್ರೆಯ ಬಗ್ಗೆ ವಾಗ್ಭಟನಲ್ಲೇ ಒಂದು ಅನುಕೂಲದ ಮಾತಿದೆ: ರೂಢಿಯಿಲ್ಲದೆ ರಾತ್ರಿ ಎದ್ದಿದ್ದವರು ಎದ್ದಿದ್ದ ಹೊತ್ತಿನ ಅರ್ಧದಷ್ಟನ್ನು ಮರುದಿನ ಬೆಳಗ್ಗೆ ಉಣ್ಣುವ ಮೊದಲು ಮಲಗಿ ತುಂಬಿಕೊಳ್ಳಬೇಕು. ಬೆಂಕಿ ಕಾದು ಬೆಳಗು ಮಾಡಿದವರಿಗೆ ಅಷ್ಟೂ ಸಿಗುವುದಿಲ್ಲ. ಹಾಸಿಗೆ ಹಿಡಿಯುವ ಹೊತ್ತಿಗೆ ಆಳುಗಳು ಬಂದು ಬಾಗಿಲಲ್ಲಿ ನಿಂತಿರುತ್ತಾರೆ. ಅಕ್ಕಪಕ್ಕದ ಎರಡು ಮೂರು ಬ್ಯಾರನ್‌ಗಳವರು ಸರದಿ ಗೊತ್ತುಮಾಡಿಕೊಂಡು ಒಬ್ಬೊಬ್ಬರು ಒಂದೊಂದು ರಾತ್ರಿ ಎಲ್ಲರ ಬೆಂಕಿಯನ್ನೂ ನೋಡಿಕೊಂಡರೆ, ಮಿಕ್ಕವರಿಗೆ ಆ ರಾತ್ರಿ ಪೂರ್ತಿ ನಿದ್ದೆ ಉಳಿಯುತ್ತದೆ.